ದೂರದ ಬರಹಕ್ಕೆ ಹತ್ತಿರದ ಓದುಗ

ಖಾನಾಪುರದಿಂದ ನಿತ್ಯವೂ ರೈಲಿನಲ್ಲಿ ಬೆಳಗಾವಿಗೆ ಓದಲು ಬರುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬನು ಈಗ ಜರ್ಮನಿಯಲ್ಲಿದ್ದಾನೆ. ಇಲ್ಲಿದ್ದಾಗ ಪರೀಕ್ಷೆಯ ಉತ್ತರವನ್ನಲ್ಲದೆ ಕನ್ನಡದಲ್ಲಿ ಮತ್ತೇನನ್ನೂ ಬರೆದವನಲ್ಲ. ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿಯೇ ಅವನಿಗೆ ಬರೆಯುವ ಹಂಬಲ ಹತ್ತಿತು. ತಿಂಗಳಿಗೆ ಒಂದೆರಡು ಬರಹಗಳನ್ನು ನನಗೆ ಕಳಿಸುತ್ತಾನೆ. ಖಾನಾಪುರದ ಬಿಡದ ಮಳೆ, ಮಲಪ್ರಭೆಯ ಹೊಳೆ, ಲೋಂಡಾದ ಕಡೆಯಿಂದ ಬರುವ ರೈಲು, ಅವ್ವನ ರೊಟ್ಟಿ ಇವೇ ಅವನ ವಸ್ತುಗಳು. ನಾನಾದರೋ ಪ್ರತಿಯೊಂದಕ್ಕೂ ‘ಚೆನ್ನಾಗಿದೆ, ಬರೆಯುತ್ತಿರು’ ಎಂದು ಉತ್ತರಿಸುತ್ತ ಬಂದೆ. ಹೋದ ತಿಂಗಳು ಅವನು ಒಂದೇ ಸಾಲು ಬರೆದು ಕೇಳಿದ: ‘ಸರ್, ನೀವು ನಿಜವಾಗಿಯೂ ಓದುತ್ತೀರಾ?’

ಈ ಪ್ರಶ್ನೆ ನನ್ನನ್ನು ನಾಚಿಸಿತು. ಪರದೇಶದಲ್ಲಿ ಒಂಟಿಯಾದವನು ಬರಹದ ಮೂಲಕ ಬೇಡುವುದು ಗೆಳೆತನವನ್ನು. ಅದಕ್ಕೆ ನಾನು ಕೊಟ್ಟದ್ದು ಬರಿಯ ಉಪಚಾರದ ಮಾತು. ಹಾಗಾದರೆ ಇಂಥ ಬರಹಕ್ಕೆ ನಿಜವಾದ ಆಸರೆ ಯಾವುದು? ನಮ್ಮ ಸಾಹಿತ್ಯದಲ್ಲಿಯೇ ಇದಕ್ಕೆ ಉತ್ತರವಿದೆಯೆಂದು ನನಗೆ ತೋರುತ್ತದೆ.

ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅವರ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನವು ಹೆಸರೇ ಸೂಚಿಸುವಂತೆ ಆಚೆಯ ದಡದಲ್ಲಿ ನಿಂತು ಈಚೆಯ ದಡದವರೊಡನೆ ಆಡಿದ ಮಾತು. ಈಚೆಯ ದಡದಲ್ಲಿ ಇದ್ದವರು ಯಾರು? ಬೇಂದ್ರೆಯವರ ಸುತ್ತ ಧಾರವಾಡದಲ್ಲಿ ಕೂಡಿದ್ದ ಗೆಳೆಯರ ಗುಂಪು. ಗೋಕಾಕರೂ ಅದರಲ್ಲಿ ಒಬ್ಬರು. ಕಿವಿಗೊಡುವ ಗೆಳೆಯರು ಇದ್ದಾರೆಂಬ ಭರವಸೆಯಿದ್ದುದರಿಂದಲೇ ಆ ಮಾತಿಗೆ ಅಷ್ಟು ಹುರುಪು ಬಂದಿರಬೇಕು.

ಮುಂದಿನ ತಲೆಮಾರಿನಲ್ಲಿ ಈ ನಂಟು ಇನ್ನೂ ಗಾಢವಾಯಿತು. ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ ‘ಯಯಾತಿ’ಯನ್ನು ಬರೆದರು. ಅವರು ಅಲ್ಲಿರುವಾಗಲೇ, 1961ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ, ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನರ ಚಲಚ್ಚಿತ್ರವೊಂದನ್ನು ನೋಡಿದ ಮೇಲೆ ‘ಸಂಸ್ಕಾರ’ಕ್ಕೆ ತೊಡಗಿದರೆಂದು ತಾವೇ ಹೇಳಿಕೊಂಡಿದ್ದರು. ಅದೂ 1965ರಲ್ಲಿ ಗ್ರಂಥಮಾಲೆಯಿಂದಲೇ ಹೊರಬಂದಿತು. ಎ. ಕೆ. ರಾಮಾನುಜನ್ನರು ಶಿಕಾಗೋದಲ್ಲಿ ಇರುವಾಗ ಅವರ ಮೊದಲ ಕನ್ನಡ ಕವನ ಸಂಗ್ರಹ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಬಂದದ್ದೂ ಅಲ್ಲಿಂದಲೇ. ಮೂವರು ಮೂರು ಊರುಗಳಲ್ಲಿ ಇದ್ದವರು. ಮೂವರ ಹಸ್ತಪ್ರತಿಯೂ ಬಂದು ಸೇರಿದ್ದು ಜಿ. ಬಿ. ಜೋಶಿಯವರ ಆ ಅಟ್ಟಕ್ಕೆ!

ಆ ಅಟ್ಟದಲ್ಲಿ ದೊರೆಯುತ್ತಿದ್ದುದು ಬೆನ್ನು ತಟ್ಟುವಿಕೆಯೊಂದೇ ಅಲ್ಲ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕವಿಲ್ಲವೆಂದು ಕೀರ್ತಿನಾಥ ಕುರ್ತಕೋಟಿಯವರು ಹೇಳಿದ ಕೊರತೆಯ ಮಾತೇ ‘ತುಘಲಕ್’ ನಾಟಕಕ್ಕೆ ಪ್ರೇರಣೆಯಾಯಿತೆಂದು ಕಾರ್ನಾಡರು ನೆನೆದಿದ್ದರು. ಇದು ವಿಚಾರಮಾಡತಕ್ಕ ಸಂಗತಿ. ‘ನೀನು ಬರೆದದ್ದೆಲ್ಲ ಚೆನ್ನ’ ಎಂದಿದ್ದರೆ ಆ ನಾಟಕ ಹುಟ್ಟುತ್ತಿತ್ತೇ?

ಈ ಮೂವರಲ್ಲಿ ರಾಮಾನುಜನ್ನರು ಬೆಳಗಾವಿಯವರಾದ ನಮಗೆ ಹೆಚ್ಚು ಹತ್ತಿರದವರು. 1950ರ ದಶಕದಲ್ಲಿ ಅವರು ಇಲ್ಲಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮೈಸೂರಿನಲ್ಲಿ ಹುಟ್ಟಿ, ಮನೆಯಲ್ಲಿ ತಮಿಳನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡಿ ಬೆಳೆದವರಿಗೆ ಇಲ್ಲಿಯ ಗಡಸು ಕನ್ನಡ, ಅದರ ಮಗ್ಗುಲಿಗೇ ಮರಾಠಿ, ಎಲ್ಲವೂ ಹೊಸತು. ಅಮೇರಿಕೆಗೆ ಹೋಗುವುದಕ್ಕೆ ಮೊದಲೇ ಅವರು ಬೆಳಗಾವಿಯಲ್ಲಿ ಪರಸ್ಥಳದವರಾಗಿದ್ದರೆನ್ನಬಹುದು. ಆದರೆ ಅವರು ಮೈಸೂರನ್ನು ನೆನೆದು ಕೊರಗುತ್ತ ಕೂಡಲಿಲ್ಲ. ಈ ಸೀಮೆಯ ಕತೆಗಳಿಗೂ ಗಾದೆಗಳಿಗೂ ಕಿವಿಗೊಟ್ಟರು. 1955ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರ ‘ಗಾದೆಗಳು’ ಪುಸ್ತಕವನ್ನು ಪ್ರಕಟಿಸಿತು. ಇಲ್ಲಿ ಕೇಳಿದ ಕತೆಗಳನ್ನು ಅವರು ಸಮುದ್ರದಾಚೆಗೂ ಒಯ್ದರು.

ಆ ಕತೆಗಳು ಅಲ್ಲಿಯೇ ಉಳಿಯಲೂ ಇಲ್ಲ. ರಾಮಾನುಜನ್ನರ ಬಾಯಿಂದ ಕೇಳಿದ ಜನಪದ ಕತೆಗಳಿಂದಲೇ ಕಾರ್ನಾಡರು ‘ನಾಗಮಂಡಲ’ವನ್ನು ಕಟ್ಟಿದರು, ಅದನ್ನು ಬರೆದದ್ದು 1987-88ರಲ್ಲಿ ಅವರು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಇದ್ದಾಗ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿಗೆ ತಂದವರೂ ರಾಮಾನುಜನ್ನರೇ. ಊರಿನಿಂದ ಪಡೆದದ್ದನ್ನು ಗೆಳೆಯರಿಗೆ ಕೊಟ್ಟು, ಗೆಳೆಯರ ಕೃತಿಯನ್ನು ಲೋಕಕ್ಕೆ ಕೊಡುವ ಈ ವ್ಯವಹಾರದಲ್ಲಿ ಒಂಟಿತನಕ್ಕೆ ಎಡೆ ಎಲ್ಲಿಯದು?

ಈಗ ಕವಿತೆಗಳ ಮಾತು. ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಹೆಸರನ್ನೇ ನೋಡಿರಿ. ಹೊಕ್ಕುಳಲ್ಲಿ ತಾವರೆಯುಳ್ಳವನು ಪದ್ಮನಾಭ. ನಮ್ಮ ನಿಮ್ಮಂಥವರ ಹೊಕ್ಕುಳಲ್ಲಿ ಇರುವುದು ತಾಯಿಯ ಬಳ್ಳಿ ಕತ್ತರಿಸಿದ ಗುರುತು ಮಾತ್ರ. ದೂರ ಹೋದವನ ಸ್ಥಿತಿಯನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳುವುದು ಕಷ್ಟ. ತಾಯ್ನಾಡಿನ ಸ್ತುತಿಯಿಲ್ಲ, ಕಣ್ಣೀರಿಲ್ಲ. ಪಕ್ಕದಲ್ಲಿ ಕುಳಿತ ಗೆಳೆಯನೊಡನೆ ದನಿ ತಗ್ಗಿಸಿ ಆಡುವ ಮಾತಿನ ಧಾಟಿ ಈ ಕವಿತೆಗಳದು. ಹಾಗೆಂದು ದೋಷವಿಲ್ಲವೆಂದಲ್ಲ. ಆಪ್ತರೊಡನೆ ಆಡುವ ಮಾತಿಗೆ ಒಂದು ಅಪಾಯವುಂಟು: ಹೊರಗಿನವನಿಗೆ ಅದು ಒಗಟಾಗುತ್ತದೆ. ಕೆಲವು ಪದ್ಯಗಳಲ್ಲಿ ಜಾಣತನವು ಭಾವವನ್ನು ಹಿಂದೆ ತಳ್ಳಿ ಮುಂದೆ ಬರುತ್ತದೆ. ಅವನ್ನು ಓದಿಸುವಾಗ ನನ್ನ ವಿದ್ಯಾರ್ಥಿಗಳು ಬೆರಗಾಗುತ್ತಾರೆಯೇ ಹೊರತು ಕರಗುವುದಿಲ್ಲ. ಆದರೂ ಕರಗಿಸಲೆಂದೇ ಬರೆದ ಹತ್ತು ಊರ ನೆನಪುಗಳಿಗಿಂತ ಇಂಥದೊಂದು ಪದ್ಯ ಹೆಚ್ಚು ಕಾಲ ನಿಲ್ಲುತ್ತದೆಂಬುದು ನನ್ನ ಎಣಿಕೆ.

ಇಂದು ನಮ್ಮ ಮಕ್ಕಳು ಬರೆದದ್ದು ಕ್ಷಣದಲ್ಲಿ ಸಮುದ್ರ ದಾಟಿ ಬರುತ್ತದೆ. ಮೆಚ್ಚುಗೆಯೂ ಅಷ್ಟೇ ವೇಗದಲ್ಲಿ ಹಿಂದಿರುಗುತ್ತದೆ. ಮೆಚ್ಚುಗೆ ಬೇಡವೆಂದು ನಾನು ಹೇಳಲಾರೆ. ಚಳಿಯ ದೇಶದಲ್ಲಿ ಒಬ್ಬನೇ ಕುಳಿತವನಿಗೆ ಅದೂ ಒಂದು ಕಂಬಳಿ. ಆದರೆ ಮೆಚ್ಚುಗೆ ಅಷ್ಟಕ್ಕೇ ನಿಂತರೆ ಬರೆದವನು ಒಂಟಿಯಾಗಿಯೇ ಉಳಿಯುತ್ತಾನೆ. ತನ್ನನ್ನು ಯಾರೂ ಓದಿಲ್ಲವೆಂಬುದು ಅವನಿಗೆ ಒಂದು ದಿನ ತಿಳಿದೇ ತಿಳಿಯುತ್ತದೆ. ನನ್ನ ವಿದ್ಯಾರ್ಥಿಗೆ ತಿಳಿದಂತೆ.

ಅವನ ಬರಹಗಳನ್ನೆಲ್ಲ ಈ ವಾರ ತೆಗೆದು ಮೊದಲಿನಿಂದ ಓದಿದೆ. ಮಳೆಯ ಮೇಲಿನ ಮೂರೂ ಪ್ರಬಂಧಗಳು ಒಂದೇ ಅಚ್ಚಿನವು. ಆದರೆ ಒಂದು ಕಡೆ, ಅವನ ಕೋಣೆಯ ಗೋಡೆಯಾಚೆ ದಿನವೂ ರಾತ್ರಿ ಕೆಮ್ಮುವ ಮುದುಕನ ಬಗೆಗೆ ನಾಲ್ಕು ಸಾಲು ಬರೆದಿದ್ದಾನೆ. ಆ ಮುದುಕನ ಮುಖವನ್ನು ಅವನು ಇನ್ನೂ ನೋಡಿಲ್ಲ. ಖಾನಾಪುರದ ನೆನಪಿನಲ್ಲಿ ಇಲ್ಲದ ಜೀವ ಆ ನಾಲ್ಕು ಸಾಲುಗಳಲ್ಲಿದೆ. ಹಾಗೆಂದೇ ಅವನಿಗೆ ಬರೆದೆ: ಮಳೆಯನ್ನು ಸ್ವಲ್ಪ ದಿನ ಬಿಡು, ಆ ಮುದುಕನ ಬಾಗಿಲನ್ನು ತಟ್ಟು, ಆಮೇಲೆ ಬರೆ. ಅವನಿಗೆ ನೋವಾಗಿರಬಹುದು. ಉತ್ತರ ಇನ್ನೂ ಬಂದಿಲ್ಲ, ಕಾಯುತ್ತಿದ್ದೇನೆ.