‘ಅಂತೆ’ ಬಿಟ್ಟುಹೋದ ಸುದ್ದಿ

ಪುಣೆ ಕ್ಯಾಂಪಿನಲ್ಲಿ ಸಂಸಾರ ಹೂಡಿದವರಿಗೆ ಯುದ್ಧ ಅನ್ನೋದು ದೂರದ ಸುದ್ದಿಯಲ್ಲ. ಸೈನ್ಯದ ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ ಇಲ್ಲೇ ಇದೆ. ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿ ಮುಂದೆ ಬಿಸ್ಕತ್ತಿಗೆ ಸಾಲು ನಿಂತರೆ ಹಿಂದೊಬ್ಬರು ಮುಂದೊಬ್ಬರು ಫೌಜಿನವರು ಇದ್ದೇ ಇರುತ್ತಾರೆ. ಊರಲ್ಲಿ ಕೂತು ಪೇಪರ್ ಓದುವ ನಿಮಗೆ ಇರಾಕ್ ಅಂದರೆ ವಿದೇಶ ಸುದ್ದಿಯ ಪುಟ. ನಮಗೆ 2003ರಲ್ಲಿ ಹಾಗಿರಲಿಲ್ಲ. ನಿಮ್ಮ ಸೈನ್ಯವನ್ನೂ ಅಲ್ಲಿಗೆ ಕಳಿಸಿ ಎಂದು ಅಮೆರಿಕ ಕೇಳಿತ್ತು. ಸುಮಾರು 17,000 ಜನರ ಒಂದು ಡಿವಿಷನ್ ಎಂಬ ಲೆಕ್ಕ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗುವುದಿಲ್ಲ ಎಂದು ಜುಲೈ 14ರಂದು ವಾಜಪೇಯಿ ಸರ್ಕಾರ ಹೇಳುವ ತನಕ, ನಮ್ಮ ಓಣಿಯ ಹೆಂಗಸರು ಪೇಪರನ್ನು ಮುಖಪುಟದಿಂದಲೇ ಓದುತ್ತಿದ್ದರು.

ಆ ಪೇಪರುಗಳ ಭಾಷೆಯ ಬಗ್ಗೆ ನನ್ನದೊಂದು ತಕರಾರಿದೆ.

ಕನ್ನಡದಲ್ಲಿ ‘ಅಂತೆ’ ಅಂತ ಒಂದು ಪುಟ್ಟ ಮಾತಿದೆ. ‘ಅವರ ಮನೇಲಿ ಚಿನ್ನ ಇದೆ’ ಅನ್ನೋದು ಬೇರೆ, ‘ಇದೆಯಂತೆ’ ಅನ್ನೋದು ಬೇರೆ. ನಾನು ಕಂಡಿಲ್ಲ, ಕೇಳಿದ್ದು, ಜವಾಬ್ದಾರಿ ನನ್ನದಲ್ಲ ಎಂಬುದೆಲ್ಲ ಆ ಎರಡಕ್ಷರದಲ್ಲಿ ಬಂತು. ಮರಾಠಿಯಲ್ಲೂ ಇಂಥದೇ ಒಂದು ‘ಮ್ಹಣೇ’ ಇದೆ. ಕಟ್ಟೆಯ ಮೇಲೆ ಕೂತ ಅನಕ್ಷರಸ್ಥ ಅಜ್ಜಿಯೂ ಮರೆಯದ ಈ ಶಿಸ್ತನ್ನು ಜಗತ್ತಿನ ದೊಡ್ಡ ಪತ್ರಿಕೆಗಳು ಇರಾಕ್ ವಿಷಯದಲ್ಲಿ ಮರೆತವು.

2002ರ ಸೆಪ್ಟೆಂಬರ್ 8ರಂದು ನಡೆದದ್ದನ್ನೇ ನೋಡಿ. ಸದ್ದಾಂ ಹುಸೇನ್ ಅಣುಬಾಂಬಿಗೆಂದು ಅಲ್ಯೂಮಿನಿಯಂ ಕೊಳವೆಗಳನ್ನು ಕೊಳ್ಳಲು ನೋಡುತ್ತಿದ್ದಾನೆ ಎಂದು ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಬರೆಯಿತು. ಹೇಳಿದವರು ಹೆಸರು ಕೊಡದ ಸರ್ಕಾರಿ ಅಧಿಕಾರಿಗಳು. ಅದೇ ದಿನ ಉಪಾಧ್ಯಕ್ಷ ಡಿಕ್ ಚೇನಿ ಟಿವಿಯಲ್ಲಿ ಕೂತು ಆ ಪತ್ರಿಕೆಯ ವರದಿಯನ್ನೇ ಉದಾಹರಿಸಿದರು. ಅಂದರೆ ಸರ್ಕಾರ ಪತ್ರಿಕೆಯ ಕಿವಿಯಲ್ಲಿ ಹೇಳಿತು, ಪತ್ರಿಕೆ ಅಚ್ಚು ಹಾಕಿತು, ಅಚ್ಚಾದದ್ದನ್ನೇ ಸರ್ಕಾರ ಸಾಕ್ಷಿ ಮಾಡಿಕೊಂಡಿತು. ನಮ್ಮೂರ ಪಂಚಾಯ್ತಿಯಲ್ಲಿ ಇಂಥ ಸಾಕ್ಷಿ ನಡೆಯುತ್ತಾ ಹೇಳಿ!

‘ಆಗ ಯಾರಿಗೂ ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ ಒಪ್ಪುವಂಥದ್ದಲ್ಲ. ಅಮೆರಿಕದ್ದೇ ಆದ ನೈಟ್ ರಿಡ್ಡರ್ ಪತ್ರಿಕಾ ಬಳಗದ ಜೊನಾಥನ್ ಲ್ಯಾಂಡೆ, ವಾರೆನ್ ಸ್ಟ್ರೋಬೆಲ್ ಯುದ್ಧಕ್ಕೆ ಮೊದಲೇ ಅನುಮಾನದ ವರದಿ ಬರೆದಿದ್ದರು. ಆ ಕೊಳವೆಗಳು ಅಣುಬಾಂಬಿನ ಕೆಲಸಕ್ಕೆಂಬುದಕ್ಕೆ ಆಧಾರ ಸಿಕ್ಕಿಲ್ಲ, ನೈಜರ್ ದೇಶದ ಯುರೇನಿಯಂ ಕಾಗದಗಳು ಅಸಲಿಯಲ್ಲ ಎಂದು ಅಣುಶಕ್ತಿ ಸಂಸ್ಥೆಯ ಎಲ್‌ಬರಾಡೈ 2003ರ ಮಾರ್ಚ್ 7ರಂದು ಭದ್ರತಾ ಮಂಡಳಿಗೇ ತಿಳಿಸಿದ್ದರು. ಹದಿಮೂರು ದಿನಕ್ಕೆ ಯುದ್ಧ ಶುರುವಾಯಿತು.

ನಮ್ಮ ದೇಶದ ಪತ್ರಿಕೆಗಳು ಯುದ್ಧದ ಪರವಾಗಿದ್ದವು ಅಂತ ನಾನು ಹೇಳುತ್ತಿಲ್ಲ. ಏಪ್ರಿಲ್ 8ರಂದು ಲೋಕಸಭೆಯೇ ಒಮ್ಮತದಿಂದ ಹಿಂದಿಯ ‘ನಿಂದಾ’ ಪದ ಬಳಸಿ ಯುದ್ಧವನ್ನು ಖಂಡಿಸಿತ್ತು. ನಾನು ಓದುತ್ತಿದ್ದ ಪತ್ರಿಕೆಗಳ ಸಂಪಾದಕೀಯಗಳೂ ಬುಷ್‌ರನ್ನು ಚೆನ್ನಾಗಿಯೇ ಝಾಡಿಸಿದವು. ಆದರೆ ಸುದ್ದಿ ಪುಟ ತಿರುಗಿಸಿದರೆ ಏಜೆನ್ಸಿಯ ವಾಕ್ಯದ ತರ್ಜುಮೆ: ‘ಇರಾಕಿನ ಸಮೂಹ ನಾಶಕ ಅಸ್ತ್ರಗಳು’ ಎಂಬ ಧಾಟಿ. ‘ಇರಾಕಿನ’ ಎಂದು ಷಷ್ಠಿ ವಿಭಕ್ತಿ ಹಚ್ಚಿದ ಕೂಡಲೇ ಅಸ್ತ್ರಗಳು ಇವೆ ಅಂತ ಒಪ್ಪಿಕೊಂಡ ಹಾಗಾಯಿತಲ್ಲ! ಸಂಪಾದಕೀಯ ಯುದ್ಧ ಬೇಡ ಅನ್ನುತ್ತಿತ್ತು, ಪಕ್ಕದ ಪುಟದ ವ್ಯಾಕರಣ ಯುದ್ಧದ ಕಾರಣಕ್ಕೆ ತಲೆಯಾಡಿಸುತ್ತಿತ್ತು. ನಮ್ಮ ಕಾಲೊನಿಯ ನಿವೃತ್ತ ಸುಬೇದಾರರೊಬ್ಬರು ಪೇಪರ್ ಹಿಡಿದು ಬರುವ ನನ್ನನ್ನು ದಿನಾ ಕೇಳುತ್ತಿದ್ದರು: ‘ಕಾಯ್, ಸಾಪಡ್ಲಂ ಕಾ?’ ಏನ್ರೀ, ಸಿಕ್ತಾ ಅಂತ. ಅವರ ಒಂದು ಪ್ರಶ್ನೆಯಲ್ಲಿದ್ದ ಪತ್ರಿಕಾಧರ್ಮ ನನ್ನ ಕೈಯಲ್ಲಿದ್ದ ಪತ್ರಿಕೆಯಲ್ಲಿ ಇರಲಿಲ್ಲ.

ಸಿಗಲಿಲ್ಲ. ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು ಅಮೆರಿಕದ್ದೇ ತನಿಖಾ ತಂಡ 2004ರಲ್ಲಿ ವರದಿ ಕೊಟ್ಟಿತು. ಅದೇ ವರ್ಷದ ಮೇ 26ರಂದು ‘ಟೈಮ್ಸ್’ ತನ್ನ ಕೆಲವು ವರದಿಗಳು ಸಾಕಷ್ಟು ಕಟ್ಟುನಿಟ್ಟಾಗಿರಲಿಲ್ಲ ಎಂದು ಬರೆದುಕೊಂಡಿತು. ಭಯ ಹುಟ್ಟಿಸುವ ಸುದ್ದಿ ಮುಂದೆ ಬಂದು, ಅದನ್ನು ಪ್ರಶ್ನಿಸುವ ಸುದ್ದಿ ಕೆಲವೊಮ್ಮೆ ಹಿಂದೆ ಹೂತುಹೋಯಿತು ಎಂದೂ ಹೇಳಿಕೊಂಡಿತು. ಆ ಟಿಪ್ಪಣಿ ಅಚ್ಚಾದದ್ದೂ ಒಳಪುಟದಲ್ಲೇ.

ಕ್ಯಾಂಪಿಗೆ ಇದು ಹೊಸ ಕಥೆಯಲ್ಲ. 1914ರಲ್ಲಿ ಇದೇ ಇರಾಕಿಗೆ, ಆಗಿನ ಮೆಸಪೊಟೇಮಿಯಾಕ್ಕೆ, ಬ್ರಿಟಿಷರು ಕಳಿಸಿದ್ದು ‘ಪೂನಾ ಡಿವಿಷನ್’ ಎಂದೇ ಹೆಸರಾದ ಆರನೇ ಡಿವಿಷನ್ನನ್ನು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿಂದಿನ ಪಲ್ಟಣಗಳೂ ಅದರಲ್ಲಿದ್ದವು. ಕೂತ್ ಊರಿನಲ್ಲಿ ಐದು ತಿಂಗಳ ಹತ್ತಿರ ಮುತ್ತಿಗೆಗೆ ಸಿಕ್ಕಿ, ಕುದುರೆ ಕಡಿದು ತಿಂದು, 1916ರ ಏಪ್ರಿಲ್ 29ರಂದು ಶರಣಾದರು. ಸೆರೆ ಸಿಕ್ಕವರು ಸುಮಾರು 13,000. ಸೆರೆಯಲ್ಲಿ ಸತ್ತವರು ಸಾವಿರಾರು. ಮುಂದಿನ ವರ್ಷ ಬಾಗ್ದಾದ್ ಹಿಡಿದ ಜನರಲ್ ಮಾಡ್ ಹೊರಡಿಸಿದ ಘೋಷಣೆಯಲ್ಲಿ, ನಾವು ಗೆಲ್ಲಲು ಬಂದವರಲ್ಲ, ಬಿಡುಗಡೆ ಮಾಡಲು ಬಂದವರು ಎಂದಿತ್ತು. 2003ರ ಭಾಷಣಗಳಲ್ಲಿ ಹಳೆಯ ಆ ಮಾತೇ ಹೊಸದಾಗಿ ಕೇಳಿಸಿತು, ಅಷ್ಟೇ.

ಸರ್ಕಾರ ಹೇಳಿದ್ದನ್ನು ಅಚ್ಚು ಮಾಡಬೇಡಿ ಎಂದು ಯಾರೂ ಹೇಳುವುದಿಲ್ಲ. ಹೇಳಿದ್ದು ಯಾರು, ನೋಡಿದ್ದು ಯಾರು, ಒಪ್ಪದವರು ಯಾರು ಎಂಬ ಮೂರನ್ನೂ ಅದೇ ಪುಟದಲ್ಲಿ ಹಾಕಲಿ. ಹಾಕದಿದ್ದರೆ ನಾವೇ ಓದುವಾಗ ಪ್ರತಿ ವಾಕ್ಯದ ಕೊನೆಗೂ ಒಂದು ‘ಅಂತೆ’ ಸೇರಿಸಿಕೊಳ್ಳೋಣ. ಯುದ್ಧಕ್ಕೆ ಹೋಗೋರು ಅಕ್ಕಪಕ್ಕದ ಮನೆಯವರಾಗಿದ್ದರಂತೂ ಅಷ್ಟು ಮಾಡಲೇಬೇಕು.