ಅಲ್ಯೂಮಿನಿಯಮ್ ಬೆಸುಗೆಗೆ ‘ಅದೇ ಲೋಹ’ ಸಾಕೆ?

‘ಬೆಸೆಯುವ ಲೋಹ ಯಾವುದೋ ಪೂರಕ ತಂತಿಯೂ ಅದೇ ಇರಲಿ.’ ವರ್ಕ್‌ಷಾಪ್ ಪಾಠಗಳಲ್ಲಿ ಕೇಳಿಬರುವ ಈ ಸೂತ್ರ ಸಾದಾ ಉಕ್ಕಿಗೆ ಬಹುಮಟ್ಟಿಗೆ ಸರಿ. ಅಲ್ಯೂಮಿನಿಯಮ್ ಮಿಶ್ರಲೋಹಗಳಿಗೂ ಅದನ್ನೇ ಅನ್ವಯಿಸುವುದು ತಪ್ಪು.

ಶುದ್ಧ ಅಲ್ಯೂಮಿನಿಯಮ್ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನೀಕರಿಸುತ್ತದೆ. ಸುಮಾರು ಶೇ. 1 ಮೆಗ್ನೀಸಿಯಮ್, ಶೇ. 0.6 ಸಿಲಿಕಾನ್ ಇರುವ 6061 ಮಿಶ್ರಲೋಹವಾದರೋ ಸುಮಾರು 650ರಿಂದ 580 ಡಿಗ್ರಿಗಳ ನಡುವೆ ಹಂತಹಂತವಾಗಿ ಗಟ್ಟಿಯಾಗುತ್ತದೆ. ಆಗ ಲೋಹ ಕುಗ್ಗುತ್ತದೆ. ಹರಳುಗಳ ನಡುವೆ ಉಳಿದ ಅಲ್ಪ ದ್ರವ ಸಂದುಗಳನ್ನು ತುಂಬಲು ಸಾಲದು. 6061ರ ತಂತಿಯನ್ನೇ ಬಳಸಿದರೆ ಬೆಸುಗೆ ಬಿರಿಯುವುದು ಇದರಿಂದಲೇ. ಸುಮಾರು ಶೇ. 5 ಸಿಲಿಕಾನ್ ಇರುವ 4043 ಅಥವಾ ಅಷ್ಟೇ ಮೆಗ್ನೀಸಿಯಮ್ ಇರುವ 5356 ತಂತಿ ಬಳಸಿದರೆ ಈ ಅಪಾಯ ತಗ್ಗುತ್ತದೆ.

ಎರಡರಲ್ಲಿ ಯಾವುದು? ಕೋಷ್ಟಕದಲ್ಲಿ ಬಲದ ಅಂಕಣವನ್ನಷ್ಟೇ ನೋಡಿದವರು 5356 ಎನ್ನುತ್ತಾರೆ. ಆದರೆ ದೀರ್ಘಕಾಲ 65 ಡಿಗ್ರಿ ಮೀರಿ ಬಿಸಿಯಾಗಿರುವ ಭಾಗದಲ್ಲಿ ಅದು ಒತ್ತಡ, ಸಂಕ್ಷಾರಣ ಎರಡೂ ಸೇರಿ ಸೀಳಬಹುದು. ಅಲ್ಲಿ 4043 ಮೇಲು. ಆನೋಡೀಕರಣದ ಬಳಿಕ 4043ರ ಬೆಸುಗೆ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಬಣ್ಣ ಹೊಂದಬೇಕಾದಲ್ಲಿ 5356 ಸರಿ. ಹಡಗು, ದೋಣಿಗಳಿಗೆ ಬಳಸುವ 5083ಕ್ಕೆ 4043 ಸಲ್ಲದು. ಮೆಗ್ನೀಸಿಯಮ್ ಸಿಲಿಸೈಡ್ ಉಂಟಾಗಿ ಬೆಸುಗೆ ಪೆಡಸಾಗುತ್ತದೆ.

ಆದ್ದರಿಂದ ತಂತಿಯ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ಮಿಶ್ರಲೋಹ ಯಾವುದು, ಅದು ಹೇಗೆ ಘನೀಕರಿಸುತ್ತದೆ, ಬೆಸೆದ ಭಾಗ ಎಲ್ಲಿ ದುಡಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ವಿದ್ಯಾರ್ಥಿಗೆ ಕಲಿಸಬೇಕು. ಏಣಿಯದೋ ವಾಹನದ ಚೌಕಟ್ಟಿನದೋ ಬೆಸುಗೆ ಬಿಟ್ಟರೆ ಪೆಟ್ಟು ಬೀಳುವುದು ಅದನ್ನು ನಂಬಿ ಬಳಸಿದವರಿಗೆ.