ಗಡಿಯಾಚೆ ಉಳಿದ ನಮ್ಮ ಪುಸ್ತಕಗಳು

‘ಸರ, ಮರೀಲಾರದಂಥ ಪುಸ್ತಕ ಯಾವ್ಯಾವು ಅದಾವ, ಹೇಳ್ರಿ’ ಎಂದು ಔರಾದ, ಭಾಲ್ಕಿ ಕಡೆಯ ಹುಡುಗರು ಕೇಳಿದರೆ ಕೊಡಲು ಒಂದು ಸಿದ್ಧ ಪಟ್ಟಿ ಇದ್ದೇ ಇದೆ. ಮೈಸೂರಿನಲ್ಲೋ ಧಾರವಾಡದಲ್ಲೋ ತಯಾರಾದ ಪಟ್ಟಿ ಅದು. ಅದನ್ನು ಹರಿದು ಒಗೀರಿ ಅಂತ ನಾನು ಹೇಳುವುದಿಲ್ಲ. ದೇವನೂರ ಮಹಾದೇವರ ‘ಒಡಲಾಳ’ ಅದರಲ್ಲಿ ಮೊದಲಿಗೇ ಇರಲಿ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕೂತು ತಿಂದು ಮುಗಿಸುವ ಆ ರಾತ್ರಿಗೆ ಸಮನಾದ ಪುಟಗಳು ಕನ್ನಡದಲ್ಲಿ ಕಡಿಮೆ. ಆದರೂ ಸಾಕವ್ವನ ಮಾತು ಔರಾದದ ಹುಡುಗನ ಕಿವಿಗೆ ದೂರದ ಮಾತು. ಅವನ ಮಗ್ಗುಲಿಗಿರುವ ಪುಸ್ತಕ ಯಾವುದು ಎಂಬುದು ನನ್ನ ಪ್ರಶ್ನೆ.

ನಿಜಾಮರ ಕಾಲದ ಬೀದರ ಜಿಲ್ಲೆ 1956ರಲ್ಲಿ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೂ ಹೋದವು. ನಕಾಶೆ ಹರಿಯಿತು, ಬೀಗತನ ಹರಿಯಲಿಲ್ಲ. ಬೀದರದಿಂದ ಹೊರಟ ರೈಲುಹಾದಿ ಇವತ್ತಿಗೂ ಭಾಲ್ಕಿ, ಉದಗೀರ ದಾಟಿ ಲಾತೂರ ರೋಡಿಗೆ ಹೋಗುತ್ತದೆ. ನಮ್ಮ ಓದು ಮಾತ್ರ ಗಡಿಯಲ್ಲೇ ಇಳಿದುಬಿಡುತ್ತದೆ.

ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ (1987) ಆ ಲಾತೂರ ಸೀಮೆಯ ಧನೇಗಾವದ ಬದುಕು. ಹುಟ್ಟಿನಿಂದಲೇ ಕಳ್ಳರೆಂದು ಮುದ್ರೆ ಒತ್ತಿದ ಬ್ರಿಟಿಷರ ಕಾಯ್ದೆ 1952ರಲ್ಲಿ ರದ್ದಾಯಿತು. ಪೊಲೀಸರ ಲಾಠಿಗೆ ಆ ಸುದ್ದಿ ಮುಟ್ಟಲಿಲ್ಲ ಎಂಬುದಕ್ಕೆ ಈ ಕೃತಿ ಸಾಕ್ಷಿ. ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ (1984) ಅಕ್ಕಲಕೋಟ ತಾಲೂಕಿನ ಹನ್ನೂರಿನದು. ತಂದೆ ಪಾಟೀಲ, ತಾಯಿ ಮಹಾರ. ಸಾಕಿದವರು ಅಜ್ಜಿ ಸಂತಾಮಾಯಿ ಮತ್ತು ಆಕೆಯೊಡನೆ ಬಾಳಿದ ಮಹಮೂದ ದಸ್ತಗೀರ ಜಮಾದಾರ. ಆ ಮುದುಕ ಕೂಸಿನ ಜಾತಿ ಕೇಳಲಿಲ್ಲ, ಶಾಲೆ ಅಪ್ಪನ ಹೆಸರು ಕೇಳಿತು. ಎರಡೂ ಪುಸ್ತಕಗಳು ಕನ್ನಡಕ್ಕೆ ಬಂದಿವೆ.

ಇವು ಬರೀ ದಾಖಲೆಗಳು, ಗಂಭೀರ ಸಾಹಿತ್ಯಕ್ಕೆ ಬೇಕಾದ ರೂಪ ಇವಕ್ಕಿಲ್ಲ ಎನ್ನುವ ನವ್ಯರ ಮಾನದಂಡ ಇನ್ನೂ ಸತ್ತಿಲ್ಲ. ‘ಅಕ್ಕರಮಾಶಿ’ಯಲ್ಲಿ ಪ್ರಶ್ನೆಯ ಬೆನ್ನಿಗೆ ಪ್ರಶ್ನೆ ಬರುತ್ತದೆ. ಉತ್ತರ ಕೊಡಬೇಕಾದ ಭಾರ ಬರೆದವನಿಂದ ಓದುಗನ ಹೆಗಲಿಗೆ ಬೀಳುತ್ತದೆ. ಇದು ರೂಪವಲ್ಲದೆ ಮತ್ತೇನು?

ಇನ್ನೊಂದು ಆಕ್ಷೇಪ: ಗಡಿನಾಡಿನಾಗ ಕುಂತು ಮರಾಠಿ ಹೊಗಳೋದಾ? ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಸಣ್ಣ ಮಾತಲ್ಲ. ಆ ಋಣ ನಮ್ಮ ಮೇಲಿದೆ. ಆದರೆ ಈ ಭಾಗದ ಎಷ್ಟೋ ಕೇರಿಗಳಿಗೆ ಬಾಬಾಸಾಹೇಬರು ಬಂದದ್ದು ಮರಾಠಿ ಭೀಮಗೀತೆಗಳ ಜೊತೆ. ಒಂದು ಭಾಷೆ ಅಕ್ಷರ ಕೊಟ್ಟಿತು, ಇನ್ನೊಂದು ಎದೆಗಾರಿಕೆ ಕೊಟ್ಟಿತು. ಎರಡರಲ್ಲಿ ಒಂದನ್ನು ಬಿಡು ಎನ್ನುವವರಿಗೆ ಕೇರಿ ಗೊತ್ತಿಲ್ಲ.

ಹಾಗಂತ ಇವನ್ನು ಜಗಲಿಯ ಮೇಲಿಟ್ಟು ಪೂಜೆ ಮಾಡಬೇಕಾಗಿಲ್ಲ. ನಮ್ಮ ಗಂಡಸರ ಆತ್ಮಕಥೆಗಳಲ್ಲಿ ತಾಯಿ, ಅಜ್ಜಿ ದುಃಖದ ಮೂರ್ತಿಗಳಾಗಿ ನಿಲ್ಲುವುದೇ ಹೆಚ್ಚು. ಕೇರಿಯೊಳಗೆ ಸೊಸೆಯಾಗಿ ಬಂದವಳ ಮೇಲೆ ನಡೆದ ಹಿಂಸೆಯನ್ನು ಬೇಬಿ ಕಾಂಬಳೆಯವರ ‘ಜಿಣಂ ಆಮುಚಂ’ (1986) ಮುಚ್ಚಿಡದೆ ಹೇಳುತ್ತದೆ. ಗಂಡನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟುಕೊಂಡು ಬರೆದ ಪುಸ್ತಕ ಅದು. ಮರಾಠಿ ಬಲ್ಲವರು ಓದಿ, ಬಾರದವರಿಗೆ ಕೂಡಿಸಿಕೊಂಡು ಹೇಳಲಿ. ಚಳವಳಿಯ ಗೆಳೆಯರು ಇದನ್ನು ಮೊದಲು ಓದಬೇಕು, ಯಾಕಂದ್ರ ಇದು ನಮ್ಮನ್ನೂ ಕಟಕಟೆಗೆ ಎಳೆಯುತ್ತದೆ.

ಇವುಗಳ ಜೊತೆಗೆ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಇರಲಿ. ಮೀಸಲಾತಿಯ ಮಕ್ಕಳನ್ನು ಚುಚ್ಚುವ ಕೊಂಕುಮಾತನ್ನೇ ಎತ್ತಿ ಶೀರ್ಷಿಕೆ ಮಾಡಿದ ಧೈರ್ಯ, ಸ್ಕಾಲರ್‌ಶಿಪ್ ಸಾಲಿನಲ್ಲಿ ತಲೆ ತಗ್ಗಿಸಿ ನಿಲ್ಲುವ ಹುಡುಗನಿಗೆ ಬೇಕು.

ಮರೆಯಲಾಗದ ಪುಸ್ತಕವೆಂದರೆ, ನನ್ನ ಮಟ್ಟಿಗೆ, ನಾಚಿಕೆಯಿಂದ ಅಡಗಿಸಿಟ್ಟ ನೆನಪನ್ನು ಬಾಯಿಬಿಟ್ಟು ಹೇಳುವ ಹಾಗೆ ಮಾಡುವಂಥದ್ದು. ಆದ್ದರಿಂದ ಓದಿ ಮುಗಿಸಿದ ಹುಡುಗ ಹುಡುಗಿಯರಿಗೆ ನನ್ನದೊಂದು ಬೇಡಿಕೆ: ನಿಮ್ಮ ಅವ್ವ ಆಡುವ ಮಾತಿನಾಗ ಹತ್ತು ಪುಟ ಬರೀರಿ. ಕನ್ನಡ, ಮರಾಠಿ, ದಖನಿ ಕಲೆತ ಆ ಮಾತನ್ನ ಶುದ್ಧ ಮಾಡಾಕ ಹೋಗಬ್ಯಾಡ್ರಿ. ವಿಮರ್ಶೆ ತನ್ನ ಅಳತೆಗೋಲು ಬದಲಿಸಿಕೊಂಡು ನಿಮ್ಮ ಬಳಿ ಬರಲಿ.